ಸಾಕೆನ್ನುವ ಮಾತು

ಬೆಣ್ಣೆ ಕರಗಿ ತುಪ್ಪವಾಗುವ ಹೊತ್ತಿಗೆ ಅಮ್ಮ ಅದಕ್ಕೊಂದು ವೀಳ್ಯದೆಲೆ ಹಾಕುತ್ತಿದ್ದಳು. ಆ ಘಮ ಹಿತ್ತಲಿಗೆ ಬಂದದ್ದೇ ತಡ, ನಾನೂ ತಮ್ಮ ಪಾಂಡುರಂಗನೂ ಆಟ ಬಿಟ್ಟು ಓಡುತ್ತಿದ್ದೆವು. ತುಪ್ಪ ಬಸಿದ ಬಾಣಲೆಗೆ ಬಿಸಿ ಅನ್ನ, ಚಿಟಿಕೆ ಉಪ್ಪು ಹಾಕಿ, ತಳದ ಕಂದು ಗಸಿಯೊಂದಿಗೆ ಕಲಸಿ ಅಮ್ಮ ಎರಡು ತುತ್ತು ಮಾಡುತ್ತಿದ್ದಳು. ದೊಡ್ಡದು ಯಾವಾಗಲೂ ಅವನಿಗೆ. "ಚಿಕ್ಕವನಲ್ವೇನೇ" ಎನ್ನುತ್ತಿದ್ದಳು. ಈಗಲೂ ಅವನು ಜೊತೆಗಿಲ್ಲದೆ ನನ್ನೊಬ್ಬಳಿಗೆಂದು ನಾನು ತುಪ್ಪ ಕಾಯಿಸುವುದಿಲ್ಲ.

ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅಷ್ಟರಲ್ಲಾಗಲೇ ಅವನಿಗೆ ಯಾರೂ ಆಡದ ಮಾತುಗಳು ಕೇಳತೊಡಗಿದ್ದವು. ಆಸ್ಪತ್ರೆಯ ಡಾಕ್ಟರಮ್ಮ ಅದನ್ನು ಸ್ಕಿಜೋಫ್ರೇನಿಯಾ ಎಂದರು. ಮಾತ್ರೆಗಳು ಆ ದನಿಗಳನ್ನು ಮಲಗಿಸಿದವು, ಹಸಿವನ್ನು ಎಬ್ಬಿಸಿದವು. ಒಂದೇ ವರ್ಷದಲ್ಲಿ ಮೂರು ಸಲ ಅವನ ಉಡಿದಾರ ಬಿಗಿಯಾಯಿತು. ನಾನೇ ಕತ್ತರಿಸಿ ಹೊಸದು ಕಟ್ಟಿದೆ. ರಕ್ತದಲ್ಲಿ ಸಕ್ಕರೆಯೂ ಏರಿತು.

"ಏನೋ ಪಾಂಡು, ನಿನ್ನ ಮೊದಲ ಪಂಕ್ತೀಲಿ ಕೂರಿಸಿದ್ರೆ ಎರಡನೇ ಪಂಕ್ತಿಗೆ ಮತ್ತೆ ಒಲೆ ಹಚ್ಚಬೇಕು!" ಎಂದು ಪಕ್ಕದ ಮನೆಯ ಸುಂದರಮ್ಮ ಛೇಡಿಸುವರು. ಅವನೂ ನಗುವನು. ಅದೇ ಸುಂದರಮ್ಮ ಸಂಜೆ ಅವನಿಗೆಂದು ಎಳೆ ಸೌತೆಕಾಯಿ ಹೆಚ್ಚಿಟ್ಟುಕೊಂಡು ಕಾಯುತ್ತಿದ್ದರು.

ಕಾಲೇಜು ಓದಿದವಳಾದರೂ ನಾನು ಅವನ ಹಸಿವನ್ನು ಬಾಯಿಚಪಲವೆಂದೇ ತಿಳಿದೆ. ತಿಂಡಿಯ ಬೀರುವಿಗೆ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ.

"ಬಾಯಿ ಕಟ್ಟಬೇಕಪ್ಪಾ, ಪಾಂಡು."

"ಕಟ್ತೀನಕ್ಕ."

ನಿಜಕ್ಕೂ ಕಟ್ಟಿದ. ಎರಡು ತಿಂಗಳಲ್ಲಿ ಉಡಿದಾರ ಸಡಿಲವಾಯಿತು. ಸುಂದರಮ್ಮನ ಮುಂದೆ ನಾನು ಜಂಬ ಕೊಚ್ಚಿಕೊಂಡೆ. ಆಮೇಲೊಂದು ಮಧ್ಯಾಹ್ನ ನೋಡಿದರೆ, ಅವನು ಗೋಡೆಗೆ ಮುಖಮಾಡಿ ನಿಂತು ಯಾರಿಗೋ ಉತ್ತರ ಕೊಡುತ್ತಿದ್ದ. ಹಾಸಿಗೆ ಕೊಡವಿದೆ, ದಿಂಬಿನ ಚೀಲದಿಂದ ಮಾತ್ರೆಗಳು ಉದುರಿದವು.

"ಯಾಕೆ ಬಿಟ್ರಿ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವನನ್ನು ಮೆಲ್ಲಗೆ ಕೇಳಿದರು.

ಅವನು ನನ್ನ ಸೆರಗಿನ ಗಂಟನ್ನೇ ನೋಡಿದ. "ಅದು ಬಿಟ್ರೆ ಹಸಿವು ಇಳಿಯುತ್ತೆ. ಹಸಿವು ಇಳಿದ್ರೆ ಅಕ್ಕ ಬೀಗ ತೆಗೀತಾಳೆ."

ಡಾಕ್ಟರಮ್ಮ ನನ್ನತ್ತ ತಿರುಗಿದರು. "ಕೊಬ್ಬು ಅಂದ್ರೆ ಸುಮ್ನೆ ಕೂತಿರೋ ಮುದ್ದೆ ಅಲ್ಲಮ್ಮ. ಅದೂ ಹಾರ್ಮೋನು ಕಳಿಸಿ, 'ಸಾಕು' ಅಂತ ತಲೆಗೆ ಹೇಳುತ್ತೆ. ಈ ಮಾತ್ರೆ ತಗೊಳ್ಳೋರಲ್ಲಿ ಎಷ್ಟೋ ಸಲ ಆ ಮಾತು ತಲೆಗೆ ಸರಿಯಾಗಿ ಮುಟ್ಟೋದಿಲ್ಲ. ಇದು ಆಸೆಬುರುಕತನ ಅಲ್ಲ. ಬೇರೆ ಮಾತ್ರೆ ನೋಡೋಣ. ಆದ್ರೆ ತಾವಾಗೇ ಬಿಡೋದು ಮಾತ್ರ ಬೇಡ."

ಯಾರೂ ಆಡದ ಮಾತುಗಳನ್ನೆಲ್ಲ ಕೇಳಿಸಿಕೊಳ್ಳುವ ನನ್ನ ತಮ್ಮನಿಗೆ, ಅವನ ಮೈಯೇ ಆಡುವ ಆ ಒಂದು ಮಾತು ಕೇಳಿಸುತ್ತಿರಲಿಲ್ಲ. ಅದಕ್ಕಾಗಿ ನಾನು ಬೀರುವಿಗೆ ಬೀಗ ಜಡಿದಿದ್ದೆ.

ಹೊಸ ಮಾತ್ರೆ ಹತ್ತಿ ದನಿಗಳು ತಗ್ಗಲು ವಾರಗಳೇ ಹಿಡಿದವು. ಬೀಗವನ್ನು ಮಾತ್ರ ನಾನು ಅಂದೇ ತೆಗೆದೆ. ಅವನು ಮತ್ತೆ ನನ್ನ ಮುಖ ನೋಡಿ ಮಾತಾಡಿದ ದಿನ, ಕೂಡಿಟ್ಟಿದ್ದ ಬೆಣ್ಣೆ ಕಾಯಿಸಿದೆ. ವೀಳ್ಯದೆಲೆಯ ಘಮಕ್ಕೆ ಅವನು ಎದ್ದು ಬಂದ. ತುಪ್ಪ ಬಸಿದವಳು ಅವನ ಎದುರು ನಿಲ್ಲಲಾರದೆ ಬಾಗಿಲ ಬಳಿ ಹೋಗಿ ಕುಳಿತೆ. ಬೆಳಗಿನಿಂದ ನಾನೂ ಉಂಡಿರಲಿಲ್ಲ.

ಬಾಣಲೆ ಕೆರೆಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವನು ಬಂದು ಪಕ್ಕದಲ್ಲಿ ಕುಳಿತ. ತಟ್ಟೆಯಲ್ಲಿ ಎರಡು ತುತ್ತುಗಳಿದ್ದವು. ದೊಡ್ಡದನ್ನು ನನ್ನ ಕೈಯಲ್ಲಿಟ್ಟ.