ಕಣ್ಣು ಮುಚ್ಚಬಾರದ ಕುರ್ಚಿ

ಮೌನಿಯ ಕ್ಷೌರದಂಗಡಿಗೆ ಜನ ಬರುತ್ತಿದ್ದದ್ದೇ ತೂಕಡಿಸಲು. ಮುಖಕ್ಕೆ ನೊರೆ ಹಚ್ಚಿದನೆಂದರೆ ಮುಗಿಯಿತು, ಗಿರಾಕಿಯ ಗೊರಕೆ ಶುರು. ಮೌನಿ ತುಟಿ ಪಿಟಕ್ಕೆನ್ನುವವನಲ್ಲ. ಹೆಂಡತಿಯ ಹತ್ತಿರವೂ ಹೂಂ, ಉಹೂಂಗಳಲ್ಲೇ ಸಂಸಾರ ಮಾಡಿ ಮುಗಿಸಿದವನು.

ಯುದ್ಧ ಮುಗಿಸಿ ಬಂದ ಮಗ ಎರಡನೆಯ ಕುರ್ಚಿಗೆ ನಿಂತ. ಕೈ ಅಪ್ಪನದೇ, ಬಾಯಿ ಮಾತ್ರ ಯಾರದೋ. ಗಿರಾಕಿಯನ್ನು ಒಂದು ಗಳಿಗೆ ಸುಮ್ಮನಿರಲು ಬಿಡ. "ಮನೇಲಿ ಎಲ್ಲಾ ಹೇಗಿದಾರೆ? ಹೇಳಿ, ಹೇಳಿ!" ಅಪ್ಪ ಉಳಿಸಿಟ್ಟ ಮಾತನ್ನೆಲ್ಲ ಮಗ ಖರ್ಚು ಮಾಡುತ್ತಿದ್ದಾನೆ ಎಂದು ಜನ ನಕ್ಕರು. ನಕ್ಕರೆ ನಗಲಿ, ಅವರಿಗೇನು ಗೊತ್ತಿತ್ತು?

ಒಂದು ಬೆಳಿಗ್ಗೆ ಹಿಟ್ಟಿನ ಗಿರಣಿಯವನು ಆ ಕುರ್ಚಿಯಲ್ಲಿ ನಿದ್ದೆಹೋದ. ಮಗ ಅವನ ಕೆನ್ನೆಗೆ ಫಟಾರನೆ ಬಾರಿಸಿದ. "ಏಳು! ಕಣ್ಣು ಬಿಡು!" ಬೆಚ್ಚಿಬಿದ್ದವನ ಕಿವಿಯ ಕೆಳಗೆ ಕತ್ತಿ ತಾಗಿ ರಕ್ತ ಬಂತು. ಗಿರಣಿಯವನು ಅರ್ಧ ಮುಖದ ನೊರೆಯಲ್ಲೇ ಬೀದಿಗಿಳಿದು ಊರೆಲ್ಲ ಟಾಂಟಾಂ ಮಾಡಿದ. ಆಮೇಲೆ ಒಂದು ನರಪಿಳ್ಳೆಯೂ ಅಂಗಡಿ ಹತ್ತಲಿಲ್ಲ.

ಮಗ ಕತ್ತಿ ತೊಳೆದು ಅಪ್ಪನ ಮುಂದಿಟ್ಟ. "ಇನ್ನು ನಾನಿದನ್ನ ಮುಟ್ಟಲ್ಲಪ್ಪ. ಕಸ ಗುಡಿಸ್ಕೊಂಡಿರ್ತೀನಿ."

"ಯಾಕೆ?"

"ಯುದ್ಧದಲ್ಲಿ ನನಗೆ ಕೊಟ್ಟಿದ್ದ ಕೆಲಸ ಸತ್ತೋರ ಗಡ್ಡ ತೆಗೆಯೋದು. ಮಣ್ಣು ಮಾಡೋಕೆ ಮುಂಚೆ ಲಕ್ಷಣವಾಗಿ ಕಾಣ್ಬೇಕಂತೆ. ಕಣ್ಣು ಮುಚ್ಕೊಂಡು ಹೀಗೇ ಸುಮ್ನೆ ಇರ್ತಿದ್ರು. ಈಗ ಯಾರು ಸುಮ್ನಾದ್ರೂ ಕೆನ್ನೆ ತಣ್ಣಗಾದ ಹಾಗೆ ಅನ್ಸುತ್ತೆ."

ಸಮಾಧಾನದ ಮಾತು ಮೌನಿಗೆ ಎಲ್ಲಿಂದ ಬರಬೇಕು? ಮಗ ಕಲಿತದ್ದು ಇದೊಂದೇ ಕೆಲಸ. ಇದೂ ಕೈಬಿಟ್ಟರೆ ಹುಡುಗ ಮೂಲೆ ಹಿಡಿಯುತ್ತಾನೆ. ಮೌನಿ ಎದ್ದು ಹೋಗಿ ಎರಡನೆಯ ಕುರ್ಚಿಯಲ್ಲಿ ಕೂತ.

"ನನಗೆ ಮಾಡು."

ಮಗ ನೊರೆ ಹಚ್ಚಿ ಕತ್ತಿ ಎತ್ತಿದ. ಮೌನಿ ಮಾತಾಡತೊಡಗಿದ.

"ನೀನು ಹುಟ್ಟಿದಾಗ ತಲೆ ಬೋಳು. ಕ್ಷೌರದೋನ ಮಗ ನೋಡು, ಮಾಡಿಸ್ಕೊಂಡೇ ಬಂದಿದಾನೆ ಅಂತ ಎಲ್ರೂ ನಕ್ಕಿದ್ರು. ನಿಮ್ಮಮ್ಮಂಗೆ ಸಿಟ್ಟು. ಆಮೇಲೆ... ಆಮೇಲೆ ನಿಂಗೆ ಹಲ್ಲು ಬಂತು..."

ಮಾತು ಎಡವಿತು, ತಡವರಿಸಿತು, ನಿಲ್ಲಲಿಲ್ಲ. ಕತ್ತಿ ಕೆನ್ನೆ ಇಳಿದು ಗಂಟಲಿಗೆ ಬಂತು. ಅಲ್ಲಿ ಮಾತಾಡುವಂತಿಲ್ಲ, ಗಂಟಲು ಅಲುಗಿದರೆ ಚರ್ಮ ಕೊಯ್ಯುತ್ತದೆ. ಮೌನಿ ಬಾಯಿ ಮುಚ್ಚಿದ. ಮಗನ ಕೈ ನಿಂತಿತು.

ಕಣ್ಣು ಬಿಟ್ಟುಕೊಂಡೇ ಮೌನಿ ಬೆರಳಿನಿಂದ ಕುರ್ಚಿಯ ತೋಳನ್ನು ಕುಟ್ಟತೊಡಗಿದ. ಟಕ್. ಟಕ್. ಟಕ್.

ಕತ್ತಿ ಮೆಲ್ಲಗೆ ಮುಂದೆ ಸರಿಯಿತು.

ಕೊನೆಗೆ ಮಗ ಅಪ್ಪನ ಮುಖ ಒರೆಸಿ, ಕತ್ತಿ ಮಡಿಸಿ, ಎರಡನೆಯ ಕುರ್ಚಿಯ ಮುಂದೆ ಅದರ ಜಾಗದಲ್ಲೇ ಇಟ್ಟ.

"ಆಯ್ತಪ್ಪ. ಸಾಕು, ನಿಲ್ಲಿಸು."

ಮೌನಿ ಹೂಂ ಎಂದ. ಬೆರಳು ಮಾತ್ರ ಕುಟ್ಟುತ್ತಲೇ ಇತ್ತು.