ಹೊಲಕ್ಕಾ, ಸಾಯೋಕಾ

ಊರಿನ ವಿಷದ ಬೀಗದ ಕೈ ತನ್ನ ಸೊಂಟಕ್ಕೆ ಬಿದ್ದ ದಿನದಿಂದ ಗಿರಣಿ ಅತ್ತಿಗೆಗೆ ನೆಮ್ಮದಿ ಇರಲಿಲ್ಲ. ಒಂದೇ ವರ್ಷದಲ್ಲಿ ಇಬ್ಬರು ಬೆಳೆಗೆ ಹೊಡೆಯುವ ಔಷಧಿ ಕುಡಿದು ಸತ್ತಿದ್ದರು. ಇನ್ನು ಯಾರ ಮನೆಯಲ್ಲೂ ಆ ಬಾಟಲಿ ಇರಕೂಡದು, ಎಲ್ಲ ಒಂದೇ ಕಬ್ಬಿಣದ ಬೀರುವಿನಲ್ಲಿರಲಿ ಎಂದು ಊರು ತೀರ್ಮಾನಿಸಿತು. ತೀರ್ಮಾನವೇನೋ ಒಳ್ಳೆಯದೇ. ಆದರೆ ಬೀರು ಎಲ್ಲಿಡುವುದು? ಪಂಚಾಯಿತಿ ಅಧ್ಯಕ್ಷರ ದೊಡ್ಡ ಮನೆಯಲ್ಲಿ ಜಾಗವಿಲ್ಲವಂತೆ, ಶಾಲೆಯಲ್ಲಿ ಮಕ್ಕಳಿದ್ದಾರಂತೆ. ಹಿಟ್ಟಿನ ಗಿರಣಿಯ ಹಿಂದಿನ ಕೋಣೆ ಖಾಲಿ ಇದೆಯಲ್ಲ, ಅತ್ತಿಗೆ ಹೇಗೂ ಇಡೀ ದಿನ ಅಲ್ಲೇ ಇರುತ್ತಾಳಲ್ಲ. ಅವಳನ್ನು ಒಂದು ಮಾತು ಕೇಳಿದವರಿಲ್ಲ.

ಆಸ್ಪತ್ರೆಯ ನರ್ಸಮ್ಮ ಮಾತ್ರ ಬಂದು, ಗಿರಣಿಯ ಬೆಂಚಿನ ಮೇಲೆ ಕೂತು ಹೇಳಿಕೊಟ್ಟಳು. "ಯಾರ ಮುಖ ಬಾಡಿದೆ ಅನ್ಸುತ್ತೋ ಅವರನ್ನ ನೇರವಾಗಿ ಕೇಳಿ ಅತ್ತಿಗೆ, ಸಾಯೋ ಯೋಚನೆ ಇದೆಯಾ ಅಂತ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟಲ್ಲ, ಇರೋದು ಹೊರಗೆ ಬರುತ್ತೆ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ. ಮನೆಯವರನ್ನೂ ನನ್ನನ್ನೂ ಕರೀರಿ."

ಗೋಧಿ ಸುರಿಯುವುದೋ, ಹಿಟ್ಟು ತುಂಬುವುದೋ, ಬಂದವರ ಮುಖ ನೋಡಿ ಆರಿಸುತ್ತಾ ಕೂರುವುದೋ? ಅತ್ತಿಗೆ ಔಷಧಿಗೆ ಬಂದ ಎಲ್ಲರನ್ನೂ ಕೇಳತೊಡಗಿದಳು, ಗಿರಣಿಯ ಸದ್ದನ್ನು ಮೀರಿಸುವ ಗಂಟಲಿನಲ್ಲಿ. "ಹೊಲಕ್ಕಾ, ಸಾಯೋಕಾ?"

ಮದುವೆಯಾಗಿ ತಿಂಗಳಾಗದ ಹುಡುಗನನ್ನೂ ಕೇಳಿದಳು, ಹಿತ್ತಲ ಬದನೆ ಗಿಡಕ್ಕೆ ಒಂದಿಷ್ಟು ಔಷಧಿ ಬೇಕೆಂದು ಬಂದ ಮೇಷ್ಟ್ರನ್ನೂ ಕೇಳಿದಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಅಧ್ಯಕ್ಷರನ್ನು ನಾಲ್ಕು ಜನರೆದುರು ಕೇಳಿದಳು. ಊರಿಗೆ ಊರೇ ಮುಖ ಗಂಟು ಹಾಕಿಕೊಂಡಿತು.

ಇವರನ್ನಾದರೂ ಸಹಿಸಬಹುದಿತ್ತು. ಟ್ರಾಕ್ಟರ್ ಓಡಿಸುವ ಹಾರನ್‌ನನ್ನು ಸಹಿಸುವುದು ಅವಳ ಕೈಲಾಗುತ್ತಿರಲಿಲ್ಲ. ಅವನ ಟ್ರಾಕ್ಟರಿಗಿಂತ ಮೊದಲು ಅವನ ನಗು ಬೀದಿಗೆ ಕೇಳಿಸುತ್ತದೆಂದು ಆ ಹೆಸರು. ಅವನು ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಿದ್ದ. "ಸಾಯೋಕೇ ಅತ್ತಿಗೆ, ದೊಡ್ಡ ಬಾಟ್ಲಿನೇ ಕೊಡಿ."

ಹಿಟ್ಟಿಗೆ ಕಾದು ನಿಂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನರ್ಸಮ್ಮನಿಗೆ ಮಾತು ಕೊಟ್ಟ ಮೇಲೆ ಮಾತು ಎಂದು ಅತ್ತಿಗೆ ಅವನನ್ನು ಬೆಂಚಿನ ಮೇಲೆ ಕೂರಿಸಿ ಅವನ ಅಣ್ಣನಿಗೆ ಫೋನ್ ಮಾಡುತ್ತಿದ್ದಳು. ಮೊದಲ ಸಲ ನರ್ಸಮ್ಮನೂ ಓಡಿ ಬಂದಿದ್ದಳು, ಹಾರನ್ ಅವಳನ್ನೂ ನಗಿಸಿ ಕಳಿಸಿದ್ದ. ಅಣ್ಣ ಕೆಲಸ ಬಿಟ್ಟು ಬಂದು, ದಾರಿಯುದ್ದಕ್ಕೂ ಬೈಯುತ್ತಾ ತಮ್ಮನನ್ನು ಮನೆಗೆ ಕರೆದೊಯ್ಯುತ್ತಿದ್ದ. ಇವನ ಹುಡುಗಾಟಕ್ಕೆ ತನ್ನ ಅರ್ಧ ದಿನ ಹಾಳು ಎಂದು ಅತ್ತಿಗೆ ಹಲ್ಲು ಕಡಿಯುತ್ತಿದ್ದಳು.

ಕೊನೆಗೆ ಊರಿನವರು ಸಭೆ ಸೇರಿದರು. ನರ್ಸಮ್ಮ ಆ ದಿನ ಬೇರೆ ಊರಿಗೆ ಹೋಗಿದ್ದಳು. "ಬೆಳಗ್ಗೆ ಬೆಳಗ್ಗೆ ಸಾವಿನ ಮಾತು ಆಡ್ತೀಯಲ್ಲಮ್ಮ," ಎಂದರು ಅಧ್ಯಕ್ಷರು. "ಕೇಳೋದು ಬಿಡು, ಇಲ್ಲಾಂದ್ರೆ ಕೀ ಕೊಡು."

"ತಗೊಳ್ಳಿ," ಎಂದು ಅತ್ತಿಗೆ ಬೀಗದ ಕೈಯನ್ನು ಮೇಜಿನ ಮೇಲೆ ಎಸೆದಳು.

ಯಾರೂ ಮುಟ್ಟಲಿಲ್ಲ. ಅಧ್ಯಕ್ಷರು ಕಿಟಕಿಯಾಚೆ ನೋಡಿದರು, ಮೇಷ್ಟ್ರು ಕನ್ನಡಕ ಒರೆಸಿದರು. ಕೆಲಸ ಬೇಡ, ಯಜಮಾನಿಕೆ ಮಾತ್ರ ಬೇಕು ಇವರಿಗೆ. ಅತ್ತಿಗೆಯೇ ಮತ್ತೆ ಅದನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆಯ್ತು, ಕೇಳಲ್ಲ. ನನ್ನ ನಾಲಿಗೆಗೂ ಒಂದು ಬೀಗ ಹಾಕ್ಕೊತೀನಿ."

ಮರುದಿನ ಬಂದವರಿಗೆಲ್ಲ ಅವಳು ತುಟಿಪಿಟಕ್ಕೆನ್ನದೆ ಬೀಗದ ಕೈ ಕೊಟ್ಟಳು. ಜನರಿಗೆ ಖುಷಿಯೋ ಖುಷಿ. ಮಧ್ಯಾಹ್ನ ಗಿರಣಿಯಲ್ಲಿ ಯಾರೂ ಇಲ್ಲದಾಗ ಹಾರನ್ ಬಂದ. ಅವಳು ತಲೆಯೆತ್ತದೆ ಕೈ ಮಾತ್ರ ಚಾಚಿದಳು. ಅವನು ಬೀಗದ ಕೈ ತೆಗೆದುಕೊಂಡ, ಆದರೆ ಹಿಂದಿನ ಕೋಣೆಗೆ ಹೋಗಲಿಲ್ಲ.

"ಕೇಳಲ್ವಾ ಅತ್ತಿಗೆ?"

"ಕೇಳಬಾರದಂತೆ, ನಿಮ್ಮ ಅಧ್ಯಕ್ಷರ ಅಪ್ಪಣೆ. ನೀನು ಹಲ್ಲು ಕಿಸಿಯೋದು ನೋಡಿ ನನಗೂ ಸಾಕಾಗಿದೆ. ತಗೊಂಡು ಹೊರಡು."

"ಒಂದ್ಸಲ ಕೇಳಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸರಿಯಾಗಿ ಮಂಗಳಾರತಿ ಎತ್ತಬೇಕೆಂದೇ ತಿರುಗಿದಳು. ಹಾರನ್ ನಗುತ್ತಿರಲಿಲ್ಲ. ನಗುವಿಲ್ಲದ ಆ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಅತ್ತಿಗೆ ಗಿರಣಿ ಆಫ್ ಮಾಡಿದಳು. ಬೆಲ್ಟ್ ನಿಧಾನವಾಗಿ ಸುತ್ತಿ ನಿಂತಿತು. ಕಿರುಚುವ ಅಗತ್ಯವಿಲ್ಲದೆ ಆ ಮಾತನ್ನು ಹೇಗೆ ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಹೊಲಕ್ಕಾ... ಸಾಯೋಕಾ?"

"ಸಾಯೋಕೆ," ಎಂದ ಹಾರನ್.

ಅವಳು ಬೀಗದ ಕೈ ಕಿತ್ತುಕೊಂಡು ಅವನ ಮಣಿಕಟ್ಟನ್ನು ಹಿಡಿದಳು. ಇನ್ನೊಂದು ಕೈಯಲ್ಲಿ ಮೊದಲು ಅಣ್ಣನಿಗೆ, ಆಮೇಲೆ ನರ್ಸಮ್ಮನಿಗೆ ಫೋನ್ ಮಾಡಿದಳು. ಆಮೇಲೆ ಅವನನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲೇ ಕೂತಳು.

"ಯಾವತ್ತಿಂದ?"

"ಮೊದ್ಲಿಂದ್ಲೂ. ನೀವು ಕೂರಿಸ್ತಿದ್ರಿ, ಅಣ್ಣ ಬರ್ತಿದ್ದ, ಬೈಕೊಂಡು ಮನೆಗೆ ಕರ್ಕೊಂಡು ಹೋಗ್ತಿದ್ದ. ಆವತ್ತಿನ ದಿನ ಕಳೀತಿತ್ತು."

ಅತ್ತಿಗೆಗೆ ಯಾರ ಮೇಲೆ ರೇಗಬೇಕೆಂದೇ ತಿಳಿಯಲಿಲ್ಲ. ಅಧ್ಯಕ್ಷರ ಮೇಲೆ, ಹೊಟ್ಟೆ ಹಿಡಿದು ನಕ್ಕವರ ಮೇಲೆ, ಅರ್ಧ ದಿನ ಹಾಳಾಯಿತೆಂದು ಗೊಣಗಿದ ತನ್ನ ಮೇಲೆ. ಸಿಕ್ಕವನು ಇವನೊಬ್ಬನೇ.

"ಬಾಯಿಬಿಟ್ಟು ಹೇಳೋಕೇನಾಗಿತ್ತೋ ನಿನಗೆ?"

"ಹೇಳ್ತಾನೇ ಇದ್ನಲ್ಲ ಅತ್ತಿಗೆ."

ಅವಳ ಕಣ್ಣು ತುಂಬಿಬಂತು. ಹೊರಗೆ ಯಾರೋ ಚೀಲ ಇಳಿಸಿ, ಗಿರಣಿ ಯಾಕೆ ನಿಂತಿದೆ ಎಂದು ಕೂಗಿದರು. ಇವತ್ತು ಗಿರಣಿ ಇಲ್ಲ, ಹೋಗಿ ಎಂದು ಇವಳೂ ಕೂಗಿದಳು. ಅಣ್ಣನ ಬೈಕು ಇನ್ನೂ ಕೇಳಿಸುತ್ತಿರಲಿಲ್ಲ.

"ಕೈ ನೋಯ್ತಿದೆ ಅತ್ತಿಗೆ," ಎಂದ ಹಾರನ್.

"ನೋಯಲಿ," ಎಂದು ಅವಳು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು.