ಲಕೋಟೆಯೊಳಗಿನ ನಡೆ

ಆಗೆಲ್ಲ ವಿಶ್ವ ಚಾಂಪಿಯನ್ ಪಟ್ಟದ ಚದುರಂಗದಾಟ ಒಂದೇ ದಿನಕ್ಕೆ ಮುಗಿಯಬೇಕೆಂದೇನೂ ಇರಲಿಲ್ಲ. ಐದು ಗಂಟೆ ಆಡಿದರೂ ಇತ್ಯರ್ಥವಾಗದಿದ್ದರೆ ಆಟ ಮರುದಿನಕ್ಕೆ. ಸರದಿ ಇದ್ದವನು ತನ್ನ ನಡೆಯನ್ನು ಮಣೆಯ ಮೇಲೆ ಆಡದೆ ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಬೇಕು. ತೀರ್ಪುಗಾರ ಅದನ್ನು ಅಂಟಿಸಿ ಕಪಾಟಿನಲ್ಲಿಟ್ಟು ಬೀಗ ಜಡಿಯುತ್ತಾನೆ. ಕಂಪ್ಯೂಟರು ಬಂದ ಮೇಲೆ ಆ ಪದ್ಧತಿಯೇ ಹೋಯಿತು. ಒಳ್ಳೆಯದೇ ಆಯಿತು ಬಿಡಿ, ಎಷ್ಟು ಜನರ ನಿದ್ದೆ ಕೆಡಿಸಿತ್ತೋ ಆ ಲಕೋಟೆ.

ನಮ್ಮ ಚಾಂಪಿಯನ್ನನ ತಲೆಯಂತೂ ಮೊದಲೇ ಕೆಟ್ಟಿತ್ತು. ಇಪ್ಪತ್ನಾಲ್ಕನೆಯ ಆಟ, ಕೊನೆಯದು. ಡ್ರಾ ಆದರೂ ಪಟ್ಟ ಉಳಿಯುತ್ತದೆ, ಸೋತರೆ ಹೋಯಿತು. ಒಂಬತ್ತನೆಯ ಆಟದಲ್ಲಿ, ಮತ್ತೆ ಹದಿನೇಳನೆಯದರಲ್ಲಿ, ತಿಂಗಳುಗಟ್ಟಲೆ ಗುಟ್ಟಾಗಿ ತಯಾರಿಸಿದ್ದ ನಡೆಗೆ ಎದುರಾಳಿ ಕಣ್ಣು ಮಿಟುಕಿಸದೆ ಉತ್ತರ ಕೊಟ್ಟಿದ್ದ. ಆ ಗುಟ್ಟು ಗೊತ್ತಿದ್ದವರು ಇಬ್ಬರೇ: ತಾನು, ತನ್ನ ಅಣ್ಣ.

ಅಣ್ಣನ ಕಸುಬು ಗಡಿಯಾರ ರಿಪೇರಿ. ಆರು ವರ್ಷದ ತಮ್ಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಟ ಹೇಳಿಕೊಟ್ಟವನೇ ಅವನು. ಈಗ ಎರಡು ತಿಂಗಳಿಂದ ಅಂಗಡಿಗೆ ಬಾಗಿಲೆಳೆದು, ಹೋಟೆಲಿನ ಪಕ್ಕದ ಕೋಣೆಯಲ್ಲಿ ಕೂತು ತಮ್ಮನಿಗಾಗಿ ನಡೆಗಳ ಲೆಕ್ಕ ಹಾಕುತ್ತಿದ್ದ. ಅಂಥವನ ಮೇಲೆ ಅನುಮಾನವೇ? ಥೂ, ಎಂದು ಚಾಂಪಿಯನ್ನನೂ ತನ್ನನ್ನು ತಾನೇ ಬೈದುಕೊಂಡಿದ್ದ. ಆದರೆ ಮೊನ್ನೆ ಲಿಫ್ಟಿನ ಬಳಿ ಕಣ್ಣಾರೆ ಕಂಡದ್ದನ್ನು ಏನು ಮಾಡುವುದು? ಎದುರಾಳಿಯ ತರಬೇತುದಾರ ಅಣ್ಣನ ಕೈಗೆ ಪುಟ್ಟದೊಂದು ಪೊಟ್ಟಣ ಕೊಟ್ಟಿದ್ದ. ಅಣ್ಣ ಅದನ್ನು ಜೇಬಿಗಿಳಿಸಿ ನಕ್ಕಿದ್ದ. ಅಂದಿನಿಂದ ತಮ್ಮನ ತಲೆಯೊಳಗೆ ಹುಳ ಹೊಕ್ಕಿತು.

ಆ ಸಂಜೆ ಅವನು ಚೀಟಿಯಲ್ಲಿ ಬರೆದದ್ದು ಕಾಲಾಳನ್ನು ಮುಂದೆ ತಳ್ಳುವ ನಡೆ. ಕೋಣೆಗೆ ಬಂದರೆ ಅಣ್ಣ ಮಣೆ ಜೋಡಿಸಿಕೊಂಡೇ ಕೂತಿದ್ದ.

"ಏನ್ ಬರ್ದೆ?"

"ಆನೆ. ಹಿಂದಕ್ಕೆ ತಗೊಂಡೆ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಆಶ್ಚರ್ಯ.

ಅಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ. "ಆನೆನಾ? ನೀನಾ?"

"ಯಾಕೆ, ಆಡಬಾರ್ದಾ?"

"ಆಡಪ್ಪ, ಯಾರು ಬೇಡ ಅಂದ್ರು? ಹೋಗಿ ಮಲ್ಕೋ. ನಾನು ನೋಡ್ತೀನಿ."

ಆಡುವವನು ಮಲಗುವುದು, ಜೊತೆಗಾರ ಕೂತು ಲೆಕ್ಕ ಹಾಕುವುದು, ಅದು ಆಗಿನ ರೂಢಿ. ತಮ್ಮ ಮಲಗಿದ, ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತ. ನಾಳೆ ಎದುರಾಳಿ ಆನೆಯ ನಡೆಗೆ ಸಿದ್ಧವಾಗಿ ಬಂದು, ಲಕೋಟೆಯೊಳಗೆ ಕಾಲಾಳು ಕಂಡು ಬೆಪ್ಪಾಗಬೇಕು. ಆದನೋ, ಕಳ್ಳ ಸಿಕ್ಕಂತೆ.

ಬೆಳಿಗ್ಗೆ ಅಣ್ಣ ಕೆಂಪಗಾದ ಕಣ್ಣಿನಲ್ಲಿ ಹನ್ನೊಂದು ಹಾಳೆ ತಂದುಕೊಟ್ಟ. "ಎಲ್ಲಾ ಓದಕ್ಕಾಗ್ದಿದ್ರೂ ಪರ್ವಾಗಿಲ್ಲ, ಕೊನೇ ಹಾಳೆ ನೋಡ್ದೆ ಹೋಗ್ಬೇಡ ಕಣೋ."

"ಆಯ್ತು, ನೋಡ್ತೀನಿ ಬಿಡು."

ನೋಡಲಿಲ್ಲ. ಆಡದೇ ಇರುವ ನಡೆಯ ಲೆಕ್ಕ ಯಾವನಿಗೆ ಬೇಕು? ಹಾಳೆಗಳನ್ನು ಮೇಜಿನ ಡ್ರಾಯರಿಗೆ ತುರುಕಿ ಹೊರಟ. ಕಾಲಾಳಿನ ಲೆಕ್ಕವನ್ನು ತಾನೇ ಹಾಕಿಕೊಂಡಿದ್ದ, ಅರ್ಧಂಬರ್ಧ.

ಮಧ್ಯಾಹ್ನ ತೀರ್ಪುಗಾರ ಲಕೋಟೆ ಕತ್ತರಿಸಿ ಕಾಲಾಳನ್ನು ಒಂದು ಮನೆ ಮುಂದೆ ಸರಿಸಿದ. ಚಾಂಪಿಯನ್ ಮಣೆ ನೋಡಲಿಲ್ಲ, ಎದುರಾಳಿಯ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಅವನು ಸುಮ್ಮನೆ ತಲೆಯಾಡಿಸಿ, ನಿಮಿಷವೂ ತೆಗೆದುಕೊಳ್ಳದೆ ರಾಜನಿಗೆ ಚೆಕ್ ಕೊಟ್ಟ.

ಚಾಂಪಿಯನ್ ಈಗ ಮಣೆ ನೋಡಿದ. ಅಣ್ಣ ಹೇಳಿದ್ದರೆ ಆನೆ ಎಂದು ಹೇಳಿರಬೇಕಿತ್ತು. ಅಂದರೆ ಯಾರೂ ಏನೂ ಹೇಳಿಲ್ಲ. ಈತ ತಾನೇ ಕೂತು ಕಂಡುಕೊಂಡಿದ್ದಾನೆ. ಒಂಬತ್ತನೆಯದರಲ್ಲೂ ಅಷ್ಟೇ, ಹದಿನೇಳರಲ್ಲೂ ಅಷ್ಟೇ. ಪ್ರೇಕ್ಷಕರ ಮೂರನೆಯ ಸಾಲಿನಲ್ಲಿ ಅಣ್ಣ ಕೈಕಟ್ಟಿ ಕೂತಿದ್ದಾನೆಂದು ಗೊತ್ತಿದ್ದೂ ಅತ್ತ ಕತ್ತು ತಿರುಗಿಸುವ ಧೈರ್ಯ ಅವನಿಗೆ ಬರಲಿಲ್ಲ.

ರಾಜನನ್ನು ಎಡಕ್ಕೆ ಒಯ್ಯಬೇಕೇ, ಬಲಕ್ಕೇ? ಅರ್ಧ ಗಂಟೆ ಒದ್ದಾಡಿ ಎಡಕ್ಕೆ ಒಯ್ದ. ನಾಲ್ಕು ನಡೆ ಕಳೆಯುವಷ್ಟರಲ್ಲಿ ಎದುರಾಳಿಯ ಕುದುರೆ ದಾರಿಗೆ ಅಡ್ಡ ಬಂತು. ಆರನೆಯ ನಡೆಗೆ ಚಾಂಪಿಯನ್ ಸೋಲೊಪ್ಪಿ ಎದ್ದು ಕೈಕುಲುಕಿದ. ಪಟ್ಟ ಹೋಯಿತು.

ಹೊರಗೆ ಎದುರಾಳಿಯ ತರಬೇತುದಾರ ಸಿಕ್ಕ. ಪಾಪ, ಒಳ್ಳೆಯ ಮನುಷ್ಯ, ಏನಾದರೂ ಮಾತಾಡಬೇಕಲ್ಲ ಎಂದು ಮಣಿಕಟ್ಟು ಮುಂದೆ ಚಾಚಿದ. "ನಿಮ್ಮಣ್ಣನ ಕೈಗುಣ ನೋಡಿ ಸಾರ್. ಎರಡು ವರ್ಷದಿಂದ ನಿಂತೋಗಿದ್ದ ವಾಚು. ಮೊನ್ನೆ ಪೊಟ್ಟಣ ಕಟ್ಟಿ ಕೊಟ್ಟೆ, ಮಾರನೇ ದಿನಾನೇ ಓಡಿಸಿಬಿಟ್ರು!"

ಅವನು ಕೋಣೆಗೆ ಓಡಿದ. ಡ್ರಾಯರ್ ಎಳೆದು ಕೊನೆಯ ಹಾಳೆ ಹುಡುಕಿದ. ಗಡಿಯಾರದ ಮುಳ್ಳಿನಷ್ಟು ಸಣ್ಣ ಅಕ್ಷರ:

"ಆನೆ ಅಂದೆ. ನಿನ್ನ ಕೈ ನಂಗೊತ್ತಿಲ್ವಾ? ನೀನು ಬರ್ದಿರೋದು ಕಾಲಾಳು. ಸುಳ್ಳು ಯಾಕೆ ಹೇಳ್ದೆ ಅಂತ ಕೇಳಲ್ಲ. ಅವನು ಚೆಕ್ ಕೊಡ್ತಾನೆ. ರಾಜನ್ನ ಎಡಕ್ಕೆ ಒಯ್ಯಬೇಡ, ಕುದುರೆ ಅಡ್ಡ ಬರುತ್ತೆ. ಬಲಕ್ಕೆ ಸರಿ. ಡ್ರಾ."

ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಅಣ್ಣ ಅಂಗಿ ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದ.

"ಅಣ್ಣಾ..."

"ಓದಿದ್ಯಾ?"

"ಈಗ ಓದ್ದೆ."

ಅಣ್ಣ ಪೆಟ್ಟಿಗೆ ಮುಚ್ಚಿ ಬೀಗ ಒತ್ತಿದ. "ನಾಳೆ ಅಂಗಡಿ ತೆಗೀಬೇಕು," ಎಂದ.